ಹೊಸ್ತಿಲ ಕೆಳಗಿನ ಹುಲಿ ರೂಪಾಯಿ

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಮಾರಿಕಣಿವೆಯ ಕಾಲುವೆ ಸೆಕ್ಷನ್ನಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಮೆಕ್ಯಾನಿಕ್ ಅಂದರೆ ದೊಡ್ಡ ಯಂತ್ರಗಳ ಒಡೆಯನೇನಲ್ಲ. ತೂಬಿನ ತಿರುಪಿಗೆ ಗ್ರೀಸ್ ಹಚ್ಚುವುದು, ತುಕ್ಕು ಹಿಡಿದ ಬೋಲ್ಟು ಬಿಚ್ಚುವುದು, ಬಿಚ್ಚಲು ಬಾರದಿದ್ದರೆ ಅದನ್ನು ಹಾಕಿದವನಿಗೆ ಬೈಯುವುದು, ಇಷ್ಟೇ. ನನ್ನ ವಶದಲ್ಲಿದ್ದ ಸಾಮಾನುಗಳಲ್ಲಿ ಸ್ವಲ್ಪ ಮರ್ಯಾದೆಯದು ಅಂದರೆ ಲೋಹ ಹುಡುಕುವ ಮಿಷನ್ನು. ಮಣ್ಣಿನಲ್ಲಿ ಹೂತುಹೋದ ಹಳೆಯ ಕೊಳವೆಗಳು, ವಾಲ್ವಿನ ಮುಚ್ಚಳಗಳು ಎಲ್ಲಿವೆ ಎಂದು ಪತ್ತೆ ಹಚ್ಚಲು ಅದನ್ನು ತರಿಸಿದ್ದರು. ಒಂದು ಉದ್ದನೆಯ ಕೋಲು, ಅದರ ತುದಿಗೆ ರೊಟ್ಟಿ ಹೆಂಚಿನಷ್ಟು ಅಗಲದ ತಟ್ಟೆ, ಮೇಲೆ ಬ್ಯಾಟರಿ ಡಬ್ಬಿ, ಕಿವಿಗೆ ಹಾಕಿಕೊಳ್ಳಲು ಹೆಡ್‌ಫೋನು. ತಟ್ಟೆಯನ್ನು ನೆಲದ ಮೇಲೆ ಆಡಿಸುತ್ತ ಹೋದರೆ ಕಿವಿಯಲ್ಲಿ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಕೆಳಗೆ ಕಬ್ಬಿಣ ಇದ್ದರೆ ಆ ದನಿ ದಪ್ಪಗಾಗಿ ಕೆಳಕ್ಕೆ ಇಳಿಯುತ್ತಿತ್ತು.

ದುರ್ಗದ ಸೀಮೆಯಲ್ಲಿ ಇಂಥದ್ದನ್ನು ಹಿಡಿದು ತಿರುಗುವುದು ಸುಲಭವಲ್ಲ. ನಮ್ಮ ಕಡೆಯವರಿಗೆ ನಿಧಿಯ ಹುಚ್ಚು ಹುಟ್ಟಿನಿಂದಲೇ ಬಂದಿರುತ್ತದೆ. ಪಾಳು ಮಂಟಪ ಕಂಡರೆ ಅದರ ಕೆಳಗೆ ಕೊಪ್ಪರಿಗೆ ಇದೆ ಎನ್ನುವವರು ಊರಿಗೆ ನಾಲ್ಕು ಜನ ಇರುತ್ತಾರೆ. ಸ್ವಂತ ಹೊಲವನ್ನು ಒಂದು ಗೇಣು ಆಳಕ್ಕೆ ಉಳಲು ಸೋಮಾರಿತನ ಮಾಡುವವನು ಕಂಡವರ ಮಂಟಪವನ್ನು ಆಳುದ್ದ ಅಗೆದು ಬರುತ್ತಾನೆ. ನಾನು ಕಾಲುವೆಯ ಏರಿಯ ಮೇಲೆ ಮಿಷನ್ನು ಹಿಡಿದು ಹೊರಟರೆ ಹಿಂದೆ ಯಾರಾದರೂ ಬಂದೇ ಬರುತ್ತಿದ್ದರು.

"ಏನಪ್ಪ, ನಿಧಿ ಗಿಧಿ ಐತೇನು ಈ ಕಡೆ?"

"ಐತೆ. ಸಿಕ್ಕಿದ್ದರಾಗೆ ಅರ್ಧ ನಿಮಗೆ. ಅಗೆಯಾದು ಮಾತ್ರ ಪೂರ್ತಿ ನೀವೇ" ಎನ್ನುತ್ತಿದ್ದೆ. ಬಿಸಿಲು ನೋಡಿ ಅವರು ವಾಪಸು ಹೋಗುತ್ತಿದ್ದರು.

ಬೆಳ್ಳಿಯ ದನಿಯೇ ಬೇರೆ ಎಂದು ನನಗೆ ಕಲಿಸಿದ್ದು ನನ್ನ ಹೆಂಡತಿಯ ಕಾಲುಂಗುರ. ಆಗ ನಮಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕ್ವಾರ್ಟರ್ಸಿನ ಹಿತ್ತಲಲ್ಲಿ ಮಿಷನ್ನಿಗೆ ಹೊಸ ಬ್ಯಾಟರಿ ಹಾಕಿ ನೋಡುತ್ತಿದ್ದೆ. ಅವಳು ಕಾಫಿ ಹಿಡಿದುಕೊಂಡು ಹತ್ತಿರ ಬಂದಳು. ಕಿವಿಯಲ್ಲಿದ್ದ ದನಿ ಇಳಿಯುವ ಬದಲು ಸಣ್ಣಗೆ ಮೇಲಕ್ಕೆ ಎದ್ದಿತು. ಅಲ್ಲಿಯವರೆಗೆ ನಾನು ಆ ದನಿ ಕೇಳಿರಲಿಲ್ಲ. ಒಂದು ಹೆಜ್ಜೆ ಹಿಂದೆ ಹೋಗು ಎಂದೆ, ದನಿ ಇಳಿಯಿತು. ಮುಂದೆ ಬಾ ಎಂದೆ, ಎದ್ದಿತು. ಕೊನೆಗೆ ನಾನು ಕುಕ್ಕರಗಾಲಲ್ಲಿ ಕೂತು ಅವಳ ಪಾದ ಹಿಡಿದು ಬೆರಳುಗಳನ್ನು ಪರೀಕ್ಷೆ ಮಾಡಬೇಕಾಯಿತು.

"ಗಂಡ ವರ್ಷದೊಳಗೇ ಕಾಲಿಗೆ ಬಿದ್ದ ಅಂತ ನಮ್ಮವ್ವಗೆ ಹೇಳಿ ಕಳಿಸ್ತೀನಿ" ಎಂದಳು.

ಆಮೇಲೆ ಅದೇ ನನ್ನ ಚಟವಾಯಿತು. ಸಿಕ್ಕಿದ ನಾಣ್ಯಗಳನ್ನೆಲ್ಲ ಮಣ್ಣಿನಲ್ಲಿ ಹೂತು, ಕಣ್ಣು ಮುಚ್ಚಿಕೊಂಡು ತಟ್ಟೆ ಆಡಿಸಿ, ಯಾವುದು ಎಲ್ಲಿದೆ ಎಂದು ಹೇಳುವುದು. ಬೆಳ್ಳಿ ರೂಪಾಯಿ ಸಣ್ಣಗೆ, ಒಡಕಿಲ್ಲದೆ ಮೇಲೆ ಹೋಗುತ್ತಿತ್ತು. ನಿಕ್ಕಲಿನ ರೂಪಾಯಿ ಕಬ್ಬಿಣದ ಹಾಗೆಯೇ ಕೆಳಕ್ಕೆ ಇಳಿಯುತ್ತಿತ್ತು. ಆಗ ತಾನೇ ಬಂದ ಹೊಸ ರೂಪಾಯಿ ಶೀತವಾದವರ ಹಾಗೆ ಮೇಲೆ ಹೋಗಲೂ ಆಗದೆ ಕೆಳಗಿಳಿಯಲೂ ಆಗದೆ ಒದ್ದಾಡುತ್ತಿತ್ತು. ಅಲ್ಯೂಮಿನಿಯಮ್ಮಿನ ಹತ್ತು ಪೈಸೆಯೊಂದು ಮಾತ್ರ ಬೆಳ್ಳಿಗಿಂತ ಜೋರಾಗಿ ಹಾಡಿ ಮೋಸ ಮಾಡುತ್ತಿತ್ತು. ಮನುಷ್ಯರಲ್ಲೂ ಹಾಗೇ, ಹಗುರಾದವರ ಗಂಟಲು ದೊಡ್ಡದು. ಊರಿಗೆ ಹೋದಾಗ ಈ ವಿದ್ಯೆಯ ಬಗ್ಗೆ ಸ್ವಲ್ಪ ಜಂಬ ಕೊಚ್ಚಿಕೊಂಡೆ. ಹಾಗೆ ಕೊಚ್ಚಿಕೊಂಡಿದ್ದು ಮುಂದೆ ನನ್ನ ಕೊರಳಿಗೇ ಬಂತು.

ನಮ್ಮೂರು ಯಲ್ಲದಕೆರೆಯ ಆಚೆ. ಕುರಿ, ಅದರ ಜೊತೆಗೆ ಒಂದಿಷ್ಟು ಹೊಲ, ಇದು ನಮ್ಮ ಮನೆತನ. ನಾವು ಮೂರು ಜನ ಮಕ್ಕಳು. ಅಣ್ಣ ದೊಡ್ಡವನು, ಅವನ ನಂತರ ಅಕ್ಕ, ಬಹಳ ವರ್ಷಗಳ ಮೇಲೆ ನಾನು. ಅಪ್ಪ, ಅವ್ವ ಇಬ್ಬರೂ ತೀರಿಕೊಂಡಿದ್ದರು. ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಅವಳನ್ನು ಹೊಳಲ್ಕೆರೆ ಕಡೆ ಕೊಟ್ಟಿದ್ದರು. ಎರಡು ವರ್ಷಕ್ಕೆ ಅವಳು ಒಂದು ಗಂಟು ಹೊತ್ತುಕೊಂಡು ನಡೆದೇ ವಾಪಸು ಬಂದಳು. ಯಾಕೆ ಬಂದೆ ಎಂದರೆ "ಅಲ್ಲಿ ನೀರು ಹಿಡಿಸ್ಲಿಲ್ಲ" ಎಂದಳು. ಸಾಯುವವರೆಗೂ ಅಪ್ಪ ಆ ನೀರಿನ ವಿಚಾರ ಕೇಳಲಿಲ್ಲ. ಆ ಮನುಷ್ಯ ಬೇರೆ ಮದುವೆಯಾದ. ಅಕ್ಕ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಉಣ್ಣೆ ಇಟ್ಟುಕೊಂಡು, ನೂಲು ತೆಗೆದುಕೊಂಡು, ಕುರಿಗಳ ಆರೈಕೆ ನೋಡಿಕೊಂಡು ಇದ್ದುಬಿಟ್ಟಳು. ಕುರಿಗೆ ಕಾಯಿಲೆಯಾದರೆ ಊರಿನವರು ಅಣ್ಣನನ್ನು ಕೇಳುತ್ತಿರಲಿಲ್ಲ, ಅವಳನ್ನು ಕೇಳುತ್ತಿದ್ದರು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಹೊಸ ಮನೆಗೆ ಬಾಗಿಲು ನಿಲ್ಲಿಸುವ ದಿನ, ಹೊಸ್ತಿಲ ಕೆಳಗಿನ ಕಲ್ಲಿನಲ್ಲಿ ಸಣ್ಣ ಸಣ್ಣ ಗುಳಿ ಹೊಡೆದು, ಮನೆದೇವರ ಹೆಸರಿಗೆ ಒಂದು ಬೆಳ್ಳಿ ರೂಪಾಯಿ, ಮನೆಯ ಗಂಡುಮಕ್ಕಳ ಹೆಸರಿಗೆ ಒಂದೊಂದು ಬೆಳ್ಳಿ ರೂಪಾಯಿ ಇಟ್ಟು, ಅದರ ಮೇಲೆ ಹೊಸ್ತಿಲ ಮರ ಕೂರಿಸುವುದು. ಯಾರ ರೂಪಾಯಿ ಹೊಸ್ತಿಲ ಕೆಳಗೆ ಇದೆಯೋ ಅವರನ್ನು ಆ ಹೊಸ್ತಿಲು ದಾಟಿಸಿ ಆಚೆ ಹಾಕುವಂತಿಲ್ಲ. ಕೂರಿಸಿದ ಹೊಸ್ತಿಲನ್ನು ಮನೆ ಬೀಳುವವರೆಗೆ ಎತ್ತುವಂತೆಯೂ ಇಲ್ಲ.

ಅಪ್ಪ ನಮ್ಮ ಮನೆ ಕಟ್ಟಿಸಿದಾಗ ಅಣ್ಣ, ಅಕ್ಕ ಇನ್ನೂ ಸಣ್ಣವರು, ನಾನು ಹುಟ್ಟಿಯೇ ಇರಲಿಲ್ಲ. ಹೆಣ್ಣುಮಕ್ಕಳಿಗೆ ರೂಪಾಯಿ ಇಡುವ ವಾಡಿಕೆ ಇಲ್ಲದಿದ್ದರೂ ಅಪ್ಪ ಅಕ್ಕನ ಹೆಸರಿಗೂ ಒಂದು ಇಟ್ಟಿದ್ದ ಎಂದು ಅವಳು ಹೇಳುತ್ತಿದ್ದಳು. ನಾನು ಚಿಕ್ಕವನಿದ್ದಾಗ ಈ ಕಥೆ ಕೇಳದೆ ಮಲಗಿದ ದಿನವೇ ಇಲ್ಲವೇನೋ. ಬಲಗಡೆ ದೇವರದು, ನಡುವೆ ಅಣ್ಣನದು, ಎಡಗಡೆ ಅವಳದು. ಅವಳ ರೂಪಾಯಿಯ ಮೇಲೆ ಒಂದು ಹುಲಿ ಇತ್ತು. ಹುಲಿ ಬಾಲ ಎತ್ತಿಕೊಂಡು ನಡೆಯುತ್ತಿತ್ತು. ಅಪ್ಪ ಅದನ್ನು ಅವಳ ಅಂಗೈಗೆ ಕೊಟ್ಟು, ನೀನೇ ಇಡು ಎಂದಿದ್ದನಂತೆ.

"ಬೆಳ್ಳಿಗಿಂತ ಬೆಳ್ಳಗಿತ್ತು ಕಣಲೇ, ಫಳಫಳ ಅಂತಿತ್ತು" ಎನ್ನುತ್ತಿದ್ದಳು. "ನಿಂದು ಇಲ್ಲ ನೋಡು. ನೀನು ಟಿಕೇಟ್ ಇಲ್ದೆ ಬಸ್ ಹತ್ತಿದೋನು."

ಅಣ್ಣನ ಮಗನಿಗೆ ಮದುವೆ ಗೊತ್ತಾದ ವರ್ಷ ಮನೆ ಪಾಲಾಗಬೇಕೆಂಬ ಮಾತು ಬಂತು. ಹೊಲದ ವಿಚಾರದಲ್ಲಿ ತಕರಾರಿರಲಿಲ್ಲ. ಮನೆಯ ನಡುವೆ ಗೋಡೆ ಎಳೆದು ಅರ್ಧ ಅಣ್ಣನಿಗೆ, ಅರ್ಧ ನನಗೆ ಎಂದಾಯಿತು. ಅಕ್ಕನ ಕೋಣೆ ಅಣ್ಣನ ಅರ್ಧದಲ್ಲಿ ಬರುತ್ತಿತ್ತು. ಹೊಸದಾಗಿ ಬರುವ ಸೊಸೆಗೆ ಆ ಕೋಣೆ ಬೇಕಿತ್ತು. ಅಕ್ಕನಿಗೆ ಕುರಿಹಟ್ಟಿಯ ಪಕ್ಕ, ಹೊಲದಲ್ಲಿ, ಒಂದು ಹೆಂಚಿನ ಗುಡಿಸಲು ಹಾಕಿಸಿಕೊಡುತ್ತೇನೆ ಎಂದ ಅಣ್ಣ. ಒಳ್ಳೆಯ ಮಾತಿನಲ್ಲೇ ಹೇಳಿದ. ಅವನು ಕೆಟ್ಟವನಲ್ಲ. ಆದರೆ ಒಳ್ಳೆಯ ಮಾತಿನಲ್ಲಿ ಹೇಳಿಬಿಟ್ಟರೆ ಎಲ್ಲ ಮಾತೂ ಒಳ್ಳೆಯದಾಗುತ್ತದೆ ಎಂದು ತಿಳಿದವನು. ನನಗೆ ಮೈಯೆಲ್ಲ ಉರಿಯಿತು. ನಲವತ್ತರ ಹತ್ತಿರದ ಹೆಂಗಸು, ಆ ಮನೆಯ ಒಲೆ ಹಚ್ಚಿ ಹಚ್ಚಿ ಕಣ್ಣು ಕೆಂಪು ಮಾಡಿಕೊಂಡವಳು, ಇನ್ನು ಮೇಲೆ ಕುರಿಗಳ ಪಕ್ಕ ಮಲಗಬೇಕಂತೆ.

ನನ್ನ ಅರ್ಧದಲ್ಲಿ ಇರಕ್ಕ, ಅದು ಹೇಗೂ ಖಾಲಿ ಬಿದ್ದಿರುತ್ತದೆ ಎಂದೆ.

"ಬೇಡ" ಎಂದಳು. "ತಮ್ಮ ಕೊಟ್ಟ ಜಾಗದಾಗೆ ಕುಂತ್ರೆ ತಮ್ಮನ ಹೆಂಡ್ತಿ ಮುಖ ನೋಡ್ಕಂಡು ಉಣ್ಣಬೇಕಾಗ್ತೈತೆ. ಅಪ್ಪ ಕೊಟ್ಟ ಜಾಗದಾಗೆ ಕುಂತ್ರೆ ಯಾರ ಮುಖಾನೂ ನೋಡಂಗಿಲ್ಲ. ಹೊಸ್ತಿಲ ಕೆಳಗೆ ನಂದೂ ಐತೆ."

ಈ ಮಾತು ಕೇಳಿ ನನ್ನ ಹೆಂಡತಿಗೆ ಬೇಸರವಾಯಿತು. ಬಸ್ಸಿನಲ್ಲಿ ಹಿರಿಯೂರಿನವರೆಗೂ ಅವಳು ಮಾತಾಡಲಿಲ್ಲ. ಹಿರಿಯೂರು ಸ್ಟ್ಯಾಂಡಿನಲ್ಲಿ ಮಂಡಕ್ಕಿ ಕೊಡಿಸಿದ ಮೇಲೆ, "ನಿಮ್ಮಕ್ಕ ಹೇಳಿದ್ದು ಸರಿ ಅನ್ಸುತ್ತೆ, ನಾನಾಗಿದ್ರೂ ಹಂಗೇ ಅಂತಿದ್ದೆ" ಎಂದಳು. ಅವತ್ತು ಅವಳ ಮೇಲೆ ನನಗೆ ಬಹಳ ಪ್ರೀತಿ ಬಂತು.

ಪಾಲು ಮಾಡಿಸಲು ಶ್ರೀರಾಂಪುರದಿಂದ ಸೋದರಮಾವ ಬಂದಿದ್ದರು. ಅವ್ವನ ಅಣ್ಣ. ಹಳೆಯ ಕಾಲದ ಮನುಷ್ಯ, ಪದ್ಧತಿ ಅಂದರೆ ಪದ್ಧತಿ. ಅಕ್ಕ ಅವರ ಮುಂದೆ ನಿಂತು ಹೊಸ್ತಿಲ ವಿಚಾರ ಹೇಳಿದಳು.

"ಹೆಣ್ಣುಮಗಳಿಗೆ ಇಟ್ಟಿದ್ದು ನಾನಂತೂ ಎಲ್ಲೂ ಕೇಳಿಲ್ಲ" ಎಂದರು ಮಾವ. "ಆದ್ರೂ ನಿಮ್ಮಪ್ಪ ಒಂಥರಾ ಮನುಷ್ಯ. ಇಟ್ಟಿದ್ರೂ ಇಟ್ಟಿರಬಹುದು. ಬೆಳ್ಳಿ ಇಟ್ಟಿದ್ರೆ ಆ ಕೋಣೆ ನಿಂದೇ, ನಾನೇ ನಿಂತು ಕೊಡಿಸ್ತೀನಿ. ಬೆಳ್ಳಿ ಬಿಟ್ಟು ಬೇರೆ ಏನಿಟ್ಟಿದ್ರೂ ಲೆಕ್ಕಕ್ಕಿಲ್ಲ."

ಅಣ್ಣನನ್ನು ಕೇಳಿದರು. ಅಣ್ಣ ನೆಲ ನೋಡಿಕೊಂಡು, "ಆಗ ನಾನೂ ಸಣ್ಣೋನು ಮಾವ, ಗ್ಯಾಪಕ ಇಲ್ಲ" ಎಂದ.

"ಹೊಸ್ತಿಲು ಎತ್ತಂಗಿಲ್ಲ. ಮತ್ತೆ ನೋಡಾದು ಹೆಂಗೆ?"

ಅಕ್ಕ ನನ್ನ ಕಡೆ ತಿರುಗಿದಳು. "ಇವನ ಹತ್ರ ಮಿಷನ್ ಐತಲ್ಲ. ಬೆಳ್ಳಿ ಯಾವುದು, ಬೇರೆ ಯಾವುದು ಅಂತ ನೆಲದ ಮೇಲಿಂದನೇ ಹೇಳ್ತದಂತೆ."

ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳುವಾಗ ನನಗೆ ಸಂತೋಷವೇ ಆಗಿತ್ತು. ಹೊಸ್ತಿಲು ಹಾಡುತ್ತದೆ, ಅಣ್ಣ ಬಾಯಿ ಮುಚ್ಚುತ್ತಾನೆ, ಅಕ್ಕ ಕೋಣೆಯಲ್ಲಿ ಇರುತ್ತಾಳೆ ಎಂದುಕೊಂಡೆ. ಮಾರಿಕಣಿವೆಗೆ ಬಂದ ಮೇಲೆ ಓವರ್‌ಸಿಯರ್ ಹತ್ತಿರ ಭಾನುವಾರದ ಮಟ್ಟಿಗೆ ಮಿಷನ್ನು ಕೇಳಿದೆ. ಅವರ ಮನೆಯವರ ಮೂಗುಬೊಟ್ಟು ಹಿತ್ತಲಲ್ಲಿ ಬಿದ್ದುಹೋಗಿತ್ತು. ಅದನ್ನು ಹುಡುಕಿಕೊಟ್ಟರೆ ತೆಗೆದುಕೊಂಡು ಹೋಗು ಎಂದರು. ಒಂದು ಸಂಜೆಯೆಲ್ಲ ಹುಡುಕಿದೆ. ಮೂಗುಬೊಟ್ಟು ಸಿಗಲಿಲ್ಲ. ಒಂದು ಮುರುಕು ಕುಡುಗೋಲು ಸಿಕ್ಕಿತು. ಆದರೂ ಅವರು ಮಿಷನ್ನು ಕೊಟ್ಟರು.

ಊರಿಗೆ ಹೋಗುವ ಮೊದಲು ಒಂದು ಹುಲಿ ರೂಪಾಯಿಯ ಮೇಲೆ ಪರೀಕ್ಷೆ ಮಾಡಿ ನೋಡಬೇಕು ಅನ್ನಿಸಿತು. ಅಂಥ ರೂಪಾಯಿ ನಾನು ಕಂಡಿರಲಿಲ್ಲ. ಕೆರೆಯ ಹತ್ತಿರ ಮೀನು ಮಾರುವ ಒಬ್ಬ ಅಜ್ಜಿ ಇದ್ದಳು. ಹಳೆಯ ದುಡ್ಡುಗಳನ್ನು ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದಳು. ಕೇಳಿದೆ. ಅವಳು ಚೀಲ ಸುರಿದು, ಕೆದಕಿ, ಒಂದನ್ನು ಎತ್ತಿಕೊಟ್ಟಳು. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಹುಲಿ. ಅಕ್ಕ ಹೇಳಿದ ಹಾಗೇ ಬಾಲ ಎತ್ತಿಕೊಂಡು ನಡೆಯುತ್ತಿತ್ತು. ಅಷ್ಟು ವರ್ಷ ಕೇಳಿದ ಕಥೆಯ ಹುಲಿ ಕೈಗೆ ಬಂದಾಗ ನನಗೆ ಮೈ ಜುಮ್ಮೆಂದಿತು.

ಹಿತ್ತಲಲ್ಲಿ ಅದನ್ನು ಹೂತು ತಟ್ಟೆ ಆಡಿಸಿದೆ. ದನಿ ಕೆಳಕ್ಕೆ ಇಳಿಯಿತು.

ಇನ್ನೊಮ್ಮೆ ಆಡಿಸಿದೆ. ಮತ್ತೆ ಇಳಿಯಿತು. ಕೆಟ್ಟುಹೋದ ರೇಡಿಯೋದ ಸ್ಪೀಕರಿನಿಂದ ತೆಗೆದ ಒಂದು ಅಯಸ್ಕಾಂತ ನನ್ನ ಹತ್ತಿರ ಇತ್ತು. ಬೆಳ್ಳಿ ಅದಕ್ಕೆ ಅಂಟುವುದಿಲ್ಲ. ಹುಲಿ ಟಪ್ಪೆಂದು ಅಂಟಿಕೊಂಡಿತು. ಯುದ್ಧದ ಕಾಲದಲ್ಲಿ ಬೆಳ್ಳಿ ತುಟ್ಟಿಯಾಗಿ, ಅದು ಮುಗಿದ ಮೇಲೆ ನಿಕ್ಕಲಿನಲ್ಲಿ ರೂಪಾಯಿ ಹೊಡೆಯಲು ಶುರು ಮಾಡಿದ್ದರು ಎಂದು ಓವರ್‌ಸಿಯರ್ ಹೇಳಿದರು. ಹುಲಿಯ ರೂಪಾಯಿ ಬೆಳ್ಳಿಯದು ಇಲ್ಲವೇ ಇಲ್ಲ ಎಂದರು.

ಶನಿವಾರ ಸಂಜೆ ಮಿಷನ್ನನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಹೆಂಡತಿಯನ್ನೂ ಕರೆದುಕೊಂಡು ಊರಿಗೆ ಹೋದೆ. ಅಕ್ಕ ಹಟ್ಟಿಯಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಯಾರೂ ಇಲ್ಲದ್ದು ನೋಡಿ ರೂಪಾಯಿಯನ್ನು ಅವಳ ಕೈಗಿಟ್ಟೆ. ಅವಳು ಸೆರಗಿನಲ್ಲಿ ಅದನ್ನು ಒರೆಸಿ, ಬೆಳಕಿಗೆ ಹಿಡಿದು ನೋಡಿದಳು. ಮುಖ ಹುಡುಗಿಯ ಮುಖದಂತಾಯಿತು.

"ಇದೇ. ಇದೇ ಹುಲಿ. ಎಲ್ಲಿ ಸಿಕ್ತಲೇ ನಿಂಗೆ?"

ನಾನು ಅಯಸ್ಕಾಂತ ತೆಗೆದು ತೋರಿಸಿದೆ. ಅವಳೇ ಅಂಟಿಸಿದಳು, ಅವಳೇ ಕಿತ್ತಳು, ಮತ್ತೆ ಅಂಟಿಸಿದಳು.

"ಬೆಳ್ಳಿ ಅಂಟಲ್ವಾ?"

"ಅಂಟಲ್ಲಕ್ಕ."

ಅವಳು ಸೊಪ್ಪಿನ ಕಡೆ ತಿರುಗಿದಳು. ಒಂದು ಕಟ್ಟು ಬಿಚ್ಚಿ ಇನ್ನೊಂದು ಗೂಟಕ್ಕೆ ಕಟ್ಟಿದಳು. ಅದನ್ನು ಬಿಚ್ಚುವ ಅಗತ್ಯವೇ ಇರಲಿಲ್ಲ.

"ಮಿಷನ್ ಕೆಟ್ಟೈತೆ ಅಂತ ಹೇಳ್ತೀನಿ ಬಿಡು" ಎಂದೆ. "ಮಾವಗೆ ಏನು ಗೊತ್ತಾಗ್ತದೆ? ಇಲ್ಲಾಂದ್ರೆ ತರಲೇ ಇಲ್ಲ ಅಂತೀನಿ."

"ಯಾಕೆ?"

"ಮತ್ತೆ ಕೋಣೆ ಹೋಗ್ತದಲ್ಲಕ್ಕ."

"ಹೋದ್ರೆ ಹೋಗ್ಲಿ. ನಾನು ಕೇಳ್ಬೇಕು" ಎಂದಳು. "ಇಷ್ಟು ವರ್ಷ ದಿನಾ ಅದ್ರ ಮೇಲೆ ರಂಗೋಲಿ ಹಾಕೀನಿ. ಅದು ಅಲ್ಲಿ ಐತೋ, ಅಪ್ಪ ನನ್ ಸಮಾಧಾನಕ್ಕೆ ಕೈಯಾಗೆ ಕೊಟ್ಟು ಆಮೇಲೆ ತೆಗೆದುಬಿಟ್ನೋ, ನಂಗೆ ಗೊತ್ತಾಗ್ಬೇಕು. ಬೆಳ್ಳಿ ಅಲ್ದಿದ್ರೂ ಪರವಾಗಿಲ್ಲ. ಇರ್ಬೇಕು ಅಷ್ಟೇ."

ಭಾನುವಾರ ಬೆಳಿಗ್ಗೆ ಮಾವ ಜಗುಲಿಯ ಮೇಲೆ ಕೂತರು. ಅಣ್ಣ ಕಂಬಕ್ಕೆ ಒರಗಿ ನಿಂತ. ಅತ್ತಿಗೆ ಒಳಗಿನಿಂದ ನೋಡುತ್ತಿದ್ದಳು. ಬೀದಿಯ ನಾಲ್ಕಾರು ಜನ ನಿಧಿ ತೆಗೆಯುತ್ತಾರೆ ಎಂದುಕೊಂಡು ಬಂದು ನಿಂತಿದ್ದರು. ಶುರುವಿನಲ್ಲಿ ಮಿಷನ್ನು ಎಲ್ಲದಕ್ಕೂ ಕೂಗಿತು. ಬಾಗಿಲ ಚಿಲಕಕ್ಕೆ ಕೂಗಿತು, ಪಕ್ಕದ ಮನೆಯಾಕೆಯ ಕಾಲುಂಗುರಕ್ಕೆ ಕೂಗಿತು, ಮಾವನ ಊರುಗೋಲಿನ ಕಬ್ಬಿಣದ ತುದಿಗೂ ಕೂಗಿತು.

"ನಂದ್ರಾಗೂ ನಿಧಿ ಐತೇನಲೇ?" ಎಂದರು ಮಾವ.

"ದೂರ ಕುಂತ್ಕಳ್ರಿ ಮಾವ" ಎಂದೆ. ಎಲ್ಲರನ್ನೂ ಹಿಂದೆ ಸರಿಸಿ, ಬಾಗಿಲನ್ನು ಪೂರ್ತಿ ತೆರೆದು ಚಿಲಕ ದೂರ ಮಾಡಿದೆ. ಹೊಸ್ತಿಲಿಗೂ ಚೌಕಟ್ಟಿಗೂ ಒಂದೇ ಒಂದು ಕಬ್ಬಿಣದ ಮೊಳೆ ಹೊಡೆದಿರಲಿಲ್ಲ. ಹಳೆಯ ಬಡಗಿಗಳು ಮರದ ಗೂಟದಲ್ಲೇ ಕೂಡಿಸುತ್ತಿದ್ದರು. ಅದೊಂದು ಅನುಕೂಲ. ಹೊಸ್ತಿಲ ಮರ ನಾಲ್ಕು ಬೆರಳು ದಪ್ಪ, ತುಳಿದು ತುಳಿದು ನಡುವೆ ಇನ್ನೂ ತೆಳ್ಳಗಾಗಿತ್ತು.

ಒಬ್ಬನೇ ಕೇಳಿ ಹೇಳಿದರೆ ತಮ್ಮ ಅಕ್ಕನ ಪರ ಸುಳ್ಳು ಹೇಳಿದ ಎನ್ನುತ್ತಾರೆ. ಆದ್ದರಿಂದ ಹೆಡ್‌ಫೋನಿನ ಒಂದು ಬಟ್ಟಲನ್ನು ನಾನು ಕಿವಿಗೆ ಇಟ್ಟುಕೊಂಡು ಇನ್ನೊಂದನ್ನು ಮಾವನ ಕಿವಿಗೆ ಕೊಟ್ಟೆ. ಊರುಗೋಲು ಬಿಟ್ಟು ಅವರು ನನ್ನ ಪಕ್ಕ ಬಗ್ಗಿದರು. ಮೊದಲು ನನ್ನ ಹೆಂಡತಿಯನ್ನು ಕರೆದು, ಅವಳ ಕಾಲುಂಗುರದ ಹತ್ತಿರ ತಟ್ಟೆ ಹಿಡಿದು, ಬೆಳ್ಳಿಯ ದನಿ ಹೀಗೆ ಎಂದು ಕೇಳಿಸಿದೆ. ಅವರು ತಲೆಯಾಡಿಸಿದರು.

ಬಲಗಡೆಯಿಂದ ತಟ್ಟೆ ಎಳೆದುಕೊಂಡು ಬಂದೆ. ದೇವರ ರೂಪಾಯಿ ಸಣ್ಣಗೆ ಮೇಲೆ ಎದ್ದಿತು. ಮಾವ ಕೈ ಮುಗಿದರು. ನಡುವೆ ಅಣ್ಣನದು, ಅದೂ ಎದ್ದಿತು. ಅಷ್ಟು ವರ್ಷ ಮಣ್ಣಿನ ಕೆಳಗಿದ್ದರೂ ಆ ದನಿಯಲ್ಲಿ ಒಂದಿಷ್ಟೂ ಮಬ್ಬಿರಲಿಲ್ಲ. ಎಡಗಡೆಗೆ ಬಂದೆ. ಗುಂಯ್ ಎನ್ನುತ್ತಿದ್ದ ದನಿ ದಪ್ಪಗಾಗಿ ಕೆಳಕ್ಕೆ ಇಳಿಯಿತು.

ಐತೆ ಎಂದು ನನ್ನ ಮನಸ್ಸು ಕುಣಿಯಿತು. ಮಾವನ ಮುಖ ನೋಡಿದೆ. ಅವರ ಮುಖದಲ್ಲಿ ಮಾತ್ರ ಪಾಲು ಇತ್ಯರ್ಥವಾಗಿ ಹೋಗಿತ್ತು.

"ಇದು ಬೆಳ್ಳಿ ಅಲ್ಲ" ಎಂದರು. "ಕಬ್ಬಿಣ. ದೃಷ್ಟಿ ಆಗದಿರ್ಲಿ ಅಂತ ಮೊಳೆ ಇಟ್ಟಿರ್ತಾರೆ. ಹೆಣ್ಣುಮಗಳ ಹೆಸರಿಗೆ ಇಲ್ಲೇನೂ ಇಲ್ಲ."

ನಾನು ಜೇಬಿನಿಂದ ಹುಲಿ ರೂಪಾಯಿ ತೆಗೆದು ಹೊಸ್ತಿಲ ಮೇಲಿಟ್ಟು ಅದರ ದನಿ ಕೇಳಿಸಿದೆ. "ಕೇಳ್ರಿ ಮಾವ, ಹುಲಿನೂ ಹಿಂಗೇ ಇಳಿಯಾದು. ಅದು ಮೊಳೆ ಅಲ್ಲ, ಅಕ್ಕನ ರೂಪಾಯಿ."

"ಮೊಳೆ ಇಟ್ರೂ ಹಿಂಗೇ ಕೂಗ್ತದೋ ಇಲ್ವೋ?"

ಮೊಳೆಗೂ ಹಾಗೇ ಕೂಗುತ್ತದೆ. ಬೆಳ್ಳಿಯನ್ನು ಬೇರೆಯದರಿಂದ ಬಿಡಿಸಿ ಹೇಳಬಲ್ಲ ಆ ಮಿಷನ್ನಿಗೆ ಅಪ್ಪ ಮಗಳಿಗೆ ಕೊಟ್ಟ ರೂಪಾಯಿಗೂ ಒಂದು ಮೊಳೆಗೂ ಇರುವ ವ್ಯತ್ಯಾಸ ಗೊತ್ತಿರಲಿಲ್ಲ. ಅದನ್ನು ಎತ್ತಿ ಕಾಲುವೆಗೆ ಎಸೆಯಬೇಕು ಅನ್ನಿಸುವಷ್ಟು ನನಗೆ ಸಿಟ್ಟು ಬಂತು. "ಕೂಗ್ತದೆ" ಎಂದೆ.

ಅಕ್ಕ ಮುಂದೆ ಬಂದು ಹೆಡ್‌ಫೋನು ಕೇಳಿದಳು. ಎರಡೂ ಕಿವಿಗೆ ಹಾಕಿಕೊಂಡು ಹೊಸ್ತಿಲ ಮುಂದೆ ಕೂತಳು. ನಾನು ಎಡಗಡೆ ತಟ್ಟೆ ಆಡಿಸಿದೆ. ಸಾಕು ಎನ್ನುವವರೆಗೂ ಆಡಿಸಿದೆ. ಅವಳು ಸಾಕು ಎನ್ನಲಿಲ್ಲ. ಕೊನೆಗೆ ಕಿವಿಯಿಂದ ಅದನ್ನು ತೆಗೆದು, ಅಂಗಳದಲ್ಲಿ ನಿಂತಿದ್ದವರಿಗೆಲ್ಲ ಕೇಳುವ ಹಾಗೆ, "ಮೊಳೆ ಅಂತೆ. ಆಗ್ಲಿ. ಗುಡಿಸಲಿಗೆ ಯಾವತ್ತು ಹೋಗ್ಬೇಕು ಹೇಳ್ರಿ" ಎಂದಳು. ನನಗೆ ಕಣ್ಣಲ್ಲಿ ನೀರು ಬಂತು, ಮರೆಮಾಚಲಿಲ್ಲ.

ಮಾವ ಎದ್ದು ಪಂಚೆ ಕೊಡವಿಕೊಂಡರು. ಬೀದಿಯವರು ನಿಧಿ ಇಲ್ಲವೆಂದು ತಿಳಿದು ಹೊರಡತೊಡಗಿದರು. ಅಣ್ಣ ಸುಮ್ಮನೆ ನಿಂತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನಿಗೆ ಬೇಕಾದದ್ದು ಆಗಿಯೇ ಹೋಗಿತ್ತು.

"ಮೊಳೆ ಅಲ್ಲ ಮಾವ" ಎಂದ ಅಣ್ಣ.

ಕಂಬ ಬಿಟ್ಟು ಹೊಸ್ತಿಲ ಹತ್ತಿರ ಬಂದು, ನಾನಿಟ್ಟಿದ್ದ ರೂಪಾಯಿ ಎತ್ತಿಕೊಂಡ. ಅದನ್ನು ತಿರುಗಿಸಿ ಹುಲಿಯ ಮುಖ ನೋಡಿದ.

"ಅಪ್ಪ ಹಿರಿಯೂರು ಸಂತೆಯಾಗೆ ಉಣ್ಣೆ ಮಾರಿ ತಂದಿದ್ದ ಇದನ್ನ. ಆಗಿನ್ನೂ ಹೊಸದಾಗಿ ಬಂದಿತ್ತು, ನಮ್ಮೂರಾಗೆ ಯಾರೂ ಕಂಡಿರ್ಲಿಲ್ಲ. ನಂಗೆ ಅವ್ವನ ಸರದಾಗಿಂದ ಒಂದು ಬೆಳ್ಳಿ ರೂಪಾಯಿ ಕಿತ್ತು ಕೊಟ್ಟ. ಸವೆದು, ಮಸಿ ಹಿಡಿದು, ರಾಣಿಗೆ ಮೂಗೇ ಇರ್ಲಿಲ್ಲ. ಇವಳಿಗೆ ಈ ಹುಲಿ ಕೊಟ್ಟ. ನಂಗೆ ಹುಲಿ ಬೇಕು ಅಂತ ಅವತ್ತು ನಾನು ಉಂಡಿರ್ಲಿಲ್ಲ. ಬದ್ಲು ಮಾಡ್ಕಳಾಣ ಅಂತ ಇವಳ ಹಿಂದೆ ಬಿದ್ದೆ. ಒಂದು ಕುರಿಮರೀನೂ ಕೊಡ್ತೀನಿ ಅಂದೆ. ಕೊಡ್ಲಿಲ್ಲ. ನಾನು ನೋಡ್ತಿದ್ದಂಗೇ ಗುಳಿಯಾಗೆ ಇಟ್ಟು ಮೇಲೆ ಮಣ್ಣು ಎಳೆದ್ಳು."

"ಗ್ಯಾಪಕ ಇಲ್ಲ ಅಂದ್ಯಲ್ಲಲೇ?" ಎಂದರು ಮಾವ.

"ಮದುವೆ ಮನೆ. ಜಾಗ ಬೇಕಿತ್ತು."

"ಆದ್ರೂ ಬೆಳ್ಳಿ ಅಲ್ವಲ್ಲಪ್ಪ."

"ಬೆಳ್ಳಿಗಿಂತ ಹೆಚ್ಚಿಂದು ಅಂತ ಅಪ್ಪ ತಿಳ್ಕಂಡಿದ್ದ. ನಾನೂ ತಿಳ್ಕಂಡಿದ್ದೆ. ಅಲ್ಲ ಅಂತ ಈಗ ಮಿಷನ್ ಬಂದು ಹೇಳಿದ್ರೆ ಅವತ್ತು ಇಟ್ಟಿದ್ದು ಸುಳ್ಳಾಗ್ತದಾ? ಹೊಸ್ತಿಲ ಕೆಳಗೆ ಏನೂ ಇಲ್ದೋನಿಗೆ ಅರ್ಧ ಮನೆ ಕೊಟ್ಟೀರಿ" ಎಂದು ನನ್ನ ಕಡೆ ಕೈ ತೋರಿಸಿದ. ನನಗೆ ನಾಚಿಕೆಯಾಯಿತು. ಟಿಕೇಟಿಲ್ಲದೆ ಹತ್ತಿದವನಿಗೆ ಸೀಟು ಸಿಕ್ಕಿತ್ತು, ಯಾರೂ ಪ್ರಶ್ನೆ ಮಾಡಿರಲಿಲ್ಲ, ನಾನೂ ಮಾಡಿಕೊಂಡಿರಲಿಲ್ಲ. "ಕೋಣೆ ಅವಳ್ದು" ಎಂದ ಅಣ್ಣ.

ಮಾವ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. "ಇಟ್ಟಿದ್ದು ಕಣ್ಣಾರೆ ಕಂಡೋನು ಹೇಳ್ತಾ ಅವನೆ. ಇನ್ನು ನಂದೇನೈತೆ" ಎಂದರು.

ಅಕ್ಕ ಇನ್ನೂ ಹೊಸ್ತಿಲ ಮುಂದೆಯೇ ಕೂತಿದ್ದಳು. ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಅಣ್ಣನ ಕೈಯಲ್ಲಿದ್ದ ರೂಪಾಯಿಯನ್ನು ತೆಗೆದುಕೊಂಡು ನನಗೆ ವಾಪಸು ಕೊಟ್ಟಳು.

"ಅವತ್ತು ನೀನು ಹುಲಿ ಕೊಡು ಅಂತ ಕೇಳಿದ್ದೆ, ನಾನು ಕೊಡ್ಲಿಲ್ಲ" ಎಂದಳು ಅಣ್ಣನಿಗೆ. "ಕೋಣೆ ಕೊಡು ಅಂತ ಕೇಳಿದ್ರೆ ಕೊಡ್ತಿದ್ದೆ ಕಣಣ್ಣ. ನಾನು ಎತ್ತಿ ಆಡಿಸಿದ ಹುಡುಗನ ಮದುವೆ. ಪಡಸಾಲೆಯಾಗೆ ಒಂದು ಮೂಲೆಗೆ ಕಂಬಳಿ ಹಾಸ್ಕಂಡು ಇರ್ತಿದ್ದೆ. ನೀನು ಕೇಳಲೇ ಇಲ್ಲ."

ಅವಳ ಎದುರಿಗೆ, ಹೊಸ್ತಿಲ ಈಚೆಗೆ, ಅಣ್ಣನೂ ಕೂತ.

"ಈಗ ಕೇಳಿದ್ರೆ?" ಎಂದ.

"ಕೇಳು" ಎಂದಳು ಅಕ್ಕ.

ಅಣ್ಣ ಕೇಳಿದ.